ಪಂದ್ಯದ ಕಾರಿನ ಟೈರು ಮತ್ತು ಅದರ ನಿಯಮಗಳು

ಎತ್ತಿನ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿಯುತ್ತಿದ್ದುದನ್ನು ನಮ್ಮ ಪೋಷಕರಲ್ಲಿ ಅನೇಕರು ಬಲ್ಲರು. ಆ ಪಟ್ಟಿಯು ಗಾಲಿಯನ್ನು ಸವೆಯದಂತೆ ಕಾಯುತ್ತಿತ್ತೇ ಹೊರತು ಬಂಡಿಯನ್ನು ಮುಂದಕ್ಕೆ ಎಳೆಯುತ್ತಿರಲಿಲ್ಲ. ನೆಲವನ್ನು ಊರಿ ಎಳೆಯುತ್ತಿದ್ದುದು ಎತ್ತಿನ ಗೊರಸು. ಮೋಟಾರು ಕಾರಿನಲ್ಲಾದರೋ ಓಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಟೈರಿನಿಂದಲೇ ಆಗತಕ್ಕದ್ದು. ಸಾಮಾನ್ಯ ಕಾರಿನ ಒಂದೊಂದು ಟೈರು ನೆಲಕ್ಕೆ ತಾಗುವ ಸ್ಥಳವು ಸುಮಾರು ಒಂದು ಅಂಗೈಯಗಲ ಮಾತ್ರ. ಆದುದರಿಂದಲೇ ಕಾರಿನ ಪಂದ್ಯಗಳಲ್ಲಿ ಟೈರಿಗೆ ಕಟ್ಟುನಿಟ್ಟಾದ ನಿಯಮಗಳುಂಟು. ಅವುಗಳಲ್ಲಿ ಮುಖ್ಯವಾದ ಮೂರನ್ನು ಇಲ್ಲಿ ವಿವರಿಸುವೆವು.

ಮೊದಲನೆಯದು, ಎಲ್ಲರಿಗೂ ಒಂದೇ ಬಗೆಯ ಟೈರು. ಮೆತ್ತನೆಯ ರಬ್ಬರು ನೆಲವನ್ನು ಬಿಗಿಯಾಗಿ ಹಿಡಿಯುವುದು, ಆದರೆ ಬೇಗನೆ ಸವೆಯುವುದು. ಗಟ್ಟಿಯಾದುದು ಹೆಚ್ಚು ಬಾಳುವುದು, ಆದರೆ ಅದರ ಹಿಡಿತ ಕಡಿಮೆ. ಟೈರಿನಲ್ಲಿಯೇ ಪೈಪೋಟಿ ನಡೆದರೆ ಖರ್ಚು ಬೆಳೆಯುವುದು, ವೇಗವೂ ಮಿತಿಮೀರುವುದು. ಆದಕಾರಣ ಅನೇಕ ಪಂದ್ಯಗಳಲ್ಲಿ ಒಂದೇ ಕಂಪೆನಿಯ ಟೈರುಗಳನ್ನು ಎಣಿಸಿ ಕೊಡುವರು. ಬೆಂಗಳೂರಿನ ಅರ್ಜುನ್ ಮೈನಿಯವರು 2021ರಲ್ಲಿ ಜರ್ಮನಿಯ ಡಿ.ಟಿ.ಎಂ. ಪಂದ್ಯಮಾಲೆಯನ್ನು ಪ್ರವೇಶಿಸಿದಾಗ ಅಲ್ಲಿ ಮರ್ಸಿಡಿಸ್, ಆಡಿ, ಬಿ.ಎಂ.ಡಬ್ಲ್ಯು. ಮುಂತಾದ ಬೇರೆ ಬೇರೆ ಕಾರುಗಳಿದ್ದರೂ ಟೈರು ಎಲ್ಲಕ್ಕೂ ಮಿಶೆಲಿನ್ ಕಂಪೆನಿಯದೇ. ಇಂತಹಲ್ಲಿ ಥಟ್ಟನೆ ಬ್ರೇಕು ಒತ್ತುವವನಿಗಿಂತ, ರಬ್ಬರನ್ನು ಉಳಿಸಿಕೊಂಡು ಓಡಿಸಬಲ್ಲವನಿಗೆ ಕೊನೆಯ ಸುತ್ತುಗಳಲ್ಲಿ ಮೇಲುಗೈ.

ಎರಡನೆಯದು, ಶಾಖದ ನಿಯಮ. ಪಂದ್ಯದ ನುಣುಪು ಟೈರು ಬಿಸಿಯಾದ ಹೊರತು ನೆಲವನ್ನು ಹಿಡಿಯದು. ಅದಕ್ಕಾಗಿ ವಿದ್ಯುತ್ತಿನಿಂದ ಅದನ್ನು ಮುಂಚಿತವಾಗಿ ಕಾಯಿಸುವ ಪದ್ಧತಿಯಿತ್ತು. 2023ರಲ್ಲಿ ವಿಶ್ವ ಸಹಿಷ್ಣುತಾ ಪಂದ್ಯಮಾಲೆಯವರು ಇದನ್ನು ನಿಷೇಧಿಸಿದರು. ಏಪ್ರಿಲಿನಲ್ಲಿ ಬೆಲ್ಜಿಯಮ್ ದೇಶದ ಸ್ಪಾ ಎಂಬಲ್ಲಿ ತಣ್ಣನೆಯ ಟೈರಿನ ಕಾರುಗಳು ಜಾರಿ ಅಪಘಾತಕ್ಕೀಡಾದುವು. ಜೂನಿನಲ್ಲಿ ಫ್ರಾನ್ಸಿನ ಲ ಮಾನ್ಸ್‌ನಲ್ಲಿ ನಡೆದ 24 ಗಂಟೆಗಳ ಪಂದ್ಯಕ್ಕೆ ಕಾಯಿಸುವ ಅನುಮತಿಯನ್ನು ಮರಳಿ ಕೊಟ್ಟರು. ನಿಯಮ ಮಾಡುವವರು ಅದರ ಫಲವನ್ನು ಕಂಡು ತಿದ್ದಿಕೊಳ್ಳುವುದೂ ವಿವೇಕವೇ.

ಮೂರನೆಯದು, ಗಾಳಿಯ ಒತ್ತಡ. ಒತ್ತಡ ಕಡಿಮೆಯಾದರೆ ಟೈರು ಹೆಚ್ಚು ನೆಲಕ್ಕೆ ತಾಗಿ ಹಿಡಿತ ಹೆಚ್ಚಬಹುದು. ಆದರೆ ಅದರ ಪಕ್ಕಗಳು ಮಡಚಿ ಮಡಚಿ ಕಾದು ಒಡೆಯುವ ಭಯವುಂಟು. ಆದುದರಿಂದ ಕನಿಷ್ಠ ಒತ್ತಡವನ್ನು ಗೊತ್ತುಮಾಡುವರು. ನಮ್ಮ ಹುಡುಗಿಯರು ಭೌತಶಾಸ್ತ್ರದಲ್ಲಿ ಕಲಿತಂತೆ, ಗಾಳಿಯ ಗಾತ್ರವು ಬದಲಾಗದಿದ್ದರೆ ಶಾಖದೊಡನೆ ಒತ್ತಡವೂ ಏರುವುದು. 20 ಡಿಗ್ರಿ ಶಾಖದಲ್ಲಿ ಮಾಪಕವು 20 ಪೌಂಡು ತೋರಿಸಿದರೆ, ಹೊರಗಿನ ವಾತಾವರಣದ 14.7 ಪೌಂಡು ಸೇರಿ ಒಟ್ಟು ಒತ್ತಡ 34.7. ಟೈರು 90 ಡಿಗ್ರಿಗೆ ಕಾದಾಗ ಇದು 363ನ್ನು 293ರಿಂದ ಭಾಗಿಸಿದಷ್ಟು ಪಾಲು ಹೆಚ್ಚಿ ಸುಮಾರು 43 ಆಗುವುದು. ಮಾಪಕದಲ್ಲಿ 28 ಕಾಣುವುದು. ಒಂದು ಪೌಂಡನ್ನೂ ತುಂಬದೆ ಎಂಟು ಪೌಂಡು ಏರಿತು!

ಅಪೊಸ್ತಲನಾದ ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ, ನಿಯಮದಂತೆ ಹೋರಾಡಿದವನಿಗೇ ಜಯಮಾಲೆ ಎಂಬ ಅರ್ಥದಲ್ಲಿ ಬೋಧಿಸಿರುವನು. ನಿಯಮವು ಸಾಮರ್ಥ್ಯವನ್ನು ಕುಗ್ಗಿಸುವುದಿಲ್ಲ, ಅದನ್ನು ಬೆಳಕಿಗೆ ತರುವುದು ಎಂಬುದಕ್ಕೆ ಈ ಪಂದ್ಯಗಳೂ ಸಾಕ್ಷಿ.

ಈ ಪಾಠವು ನಮ್ಮ ಮನೆಗಳಿಗೂ ಸಲ್ಲುವುದು. ಮಳೆಗಾಲದಲ್ಲಿ ಚನ್ನಗಿರಿಯಿಂದ ದಾವಣಗೆರೆಗೋ ಶಿವಮೊಗ್ಗೆಗೋ ಮಕ್ಕಳೊಡನೆ ಕಾರಿನಲ್ಲಿ ಹೋಗುವವರು ಟೈರಿನ ಗೀರುಗಳನ್ನು ಮೊದಲು ನೋಡತಕ್ಕದ್ದು. ನೀರನ್ನು ಹೊರಕ್ಕೆ ದಾರಿಮಾಡಿಕೊಡುವುವು ಅವೇ. ಅವುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದ ಟೈರು ರಸ್ತೆಗೆ ಯೋಗ್ಯವಲ್ಲ. ಗಾಳಿಯನ್ನು ಹೊರಡುವ ಮುಂಚೆ, ಟೈರು ತಣ್ಣಗಿರುವಾಗಲೇ ಅಳೆಯಿಸಿರಿ. ದೂರ ಓಡಿದ ಮೇಲೆ ಒತ್ತಡ ಏರಿದೆಯೆಂದು ಗಾಳಿಯನ್ನು ಬಿಡಿಸಬೇಡಿರಿ. ಟೈರು ತಣಿದಾಗ ಅದು ಬೇಕಾದುದಕ್ಕಿಂತ ಕಡಿಮೆಯಾಗಿ ಉಳಿಯುವುದು.