ಮಾಳಿಗೆಯ ರೇಲಿಂಗ್ ಮತ್ತು ನಮ್ಮ ಕರೋಷನ್ ಚಾಪ್ಟರ್

ಕರೋಷನ್ ಅಂದ್ರೆ ಇಂಟರ್ನಲ್ಸ್‌ಗೆ ಓದಿ ಮರೆಯೋ ಚಾಪ್ಟರ್ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಆದರೆ ದೀಪಾವಳಿ ರಜೆಗೆ ಊರಿಗೆ ಹೋದಾಗ ಮಾಳಿಗೆ ಹತ್ತಿ ನೋಡಿ, ಅದು ಅಲ್ಲೇ ಕಾಣುತ್ತೆ.

ಸಮೀರವಾಡಿಯನ್ನೇ ತಗೊಳ್ಳೋಣ. ಇಲ್ಲಿ ಹಿಮ ಬೀಳಲ್ಲ. ಚಳಿದೇಶಗಳಲ್ಲಿ ಪೈಪಿನೊಳಗೆ ನಿಂತ ನೀರು ಹೆಪ್ಪುಗಟ್ಟಿ ಸುಮಾರು 9% ಹಿಗ್ಗುತ್ತೆ, ಪೈಪ್ ಸೀಳಬಹುದು. ನಮ್ಮಲ್ಲಿ ಕಾಟ ಕೊಡೋದು ಇಬ್ಬನಿ. ಮೋಡವಿಲ್ಲದ ರಾತ್ರಿ ಕಬ್ಬಿಣ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು, ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತೆ. ಹಾಗಾಗಿ ಮಳೆ ನಿಂತ ಮೇಲೂ ಬೆಳಿಗ್ಗೆ ರೇಲಿಂಗ್ ಒದ್ದೆ. ಅದೇ ಹೊತ್ತಿಗೆ ಕಬ್ಬಿನ ಹಂಗಾಮು ಶುರು. ಟ್ರ್ಯಾಕ್ಟರ್ ಧೂಳು, ರವದಿ ಸುಟ್ಟ ಬೂದಿ ಬಂದು ಕಂಬಿಯ ಬುಡದಲ್ಲಿ ಕೂರುತ್ತೆ, ತೇವ ಹಿಡಿದಿಡುತ್ತೆ.

ಧೂಳಿನ ಅಡಿ ಆಮ್ಲಜನಕ ಕಡಿಮೆ, ಹೊರಗೆ ಹೆಚ್ಚು. ಕಡಿಮೆ ಇರುವ ಜಾಗವೇ ಆನೋಡ್ ಆಗಿ ಸವೆಯುತ್ತೆ. ಡಿಫರೆನ್ಷಿಯಲ್ ಏರೇಷನ್ ಅಂತ ಬರೆದು ಮಾರ್ಕ್ಸ್ ತಗೊಂಡದ್ದು ಇದಕ್ಕೇ! ಆದ್ದರಿಂದ ಮೇಲೆ ಬಣ್ಣ ಚೆನ್ನಾಗಿದ್ದರೂ ಬುಡ ಟೊಳ್ಳಾಗಿರಬಹುದು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತೆ, ಅದಕ್ಕೇ ಬುಡದ ಸಿಮೆಂಟೂ ಬಿರುಕು ಬಿಡುತ್ತೆ.

ಹಾಗಾದ್ರೆ ಏನು ಮಾಡೋಣ?

1. ಮೊದಲು ಪರೀಕ್ಷೆ. ರೇಲಿಂಗ್‌ಗೆ ಒರಗದೆ, ಒಳಗಡೆ ನಿಂತು ಪ್ರತಿ ಕಂಬಿಯನ್ನೂ ಕೈಯಿಂದ ಅಲ್ಲಾಡಿಸಿ. ಬುಡವನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ. ಒಳಗೆ ಹೋದ್ರೆ ಬಣ್ಣ ಹಚ್ಚಿ ಪ್ರಯೋಜನ ಇಲ್ಲ, ವೆಲ್ಡರ್‌ನ ಕರೆಸಿ. ಅಲ್ಲಿವರೆಗೆ ಮಕ್ಕಳನ್ನು ಅತ್ತ ಬಿಡಬೇಡಿ.

2. ಧೂಳು ತೊಳೆದು ಒಣಗಿಸಿ. ವೈರ್ ಬ್ರಷ್, ಎಮರಿ ಪೇಪರಿನಿಂದ ತುಕ್ಕು ತೆಗೆಯಿರಿ. ಬಣ್ಣ ಹಳೆಯದಾದ್ರೆ ಸೀಸ ಇರಬಹುದು. ಮನೆಯ ಪೇಂಟಿಗೆ 90 ಪಿಪಿಎಂ ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಒಣ ಉಜ್ಜಬೇಡಿ, ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ಆಮೇಲೆ ಪೂರ್ತಿ ಒಣಗಲಿ.

3. ಇಬ್ಬನಿ ಆರಿದ ಮೇಲೆ ಕೆಲಸ ಶುರು ಮಾಡಿ. ಉಜ್ಜಿದ ದಿನವೇ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ. ಬರಿ ಕಬ್ಬಿಣವನ್ನು ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ಮತ್ತೆ ತುಕ್ಕು. ವೆಲ್ಡಿಂಗ್ ಜಾಯಿಂಟ್, ಕಂಬಿಯ ಕೆಳಭಾಗ ಬಿಡಬೇಡಿ. ಒಣಗಿದ ಮೇಲೆ ಎರಡು ಕೋಟ್ ಎನಾಮಲ್. ಜಿಐ ಪೈಪಾದ್ರೆ ಅದರ ಸತುವಿನ ಪದರ ಕೆರೆಯಬೇಡಿ, ಅದಕ್ಕೆ ಬೇರೆ ಪ್ರೈಮರ್ ಕೇಳಿ.

4. ಪೈಪಿನ ತೆರೆದ ಬಾಯಿ ಮುಚ್ಚಿ. ಬುಡದಲ್ಲಿ ನೀರು ನಿಲ್ಲದಂತೆ ಸಿಮೆಂಟನ್ನು ಇಳಿಜಾರು ಮಾಡಿ.

ಎರಡು ದಿನದ ಕೆಲಸ ಅಷ್ಟೇ. ಸಂಜೆ ಅಜ್ಜ ಅದೇ ರೇಲಿಂಗ್ ಹಿಡಿದು ನಿಲ್ತಾರೆ ಅನ್ನೋದು ನೆನಪಿರಲಿ.