ಮರಗಳ ಪಂಚಾಂಗ

ಯುಗಾದಿಯ ದಿನ ಬೆಲ್ಲದೊಡನೆ ಬೇವಿನ ಹೂವನ್ನು ಸೇವಿಸುವುದು ನಮ್ಮ ನಾಡಿನ ಸಂಪ್ರದಾಯ. ಹಬ್ಬಕ್ಕೆ ಸರಿಯಾಗಿ ಬೇವು ಹೂಬಿಡದಿದ್ದರೆ ಕಾಲ ಕೆಟ್ಟಿತೆಂದು ಹಿರಿಯರು ಹೇಳುವುದುಂಟು. ಇಂದು ಅದನ್ನೇ ಹವಾಮಾನದ ಬದಲಾವಣೆ ಎನ್ನುತ್ತೇವೆ. ಈ ತೀರ್ಮಾನವು ಸರಿಯೇ? ಯುಗಾದಿಯು 2023ರಲ್ಲಿ ಮಾರ್ಚ್ 22ರಂದು ಬಂದಿತು. 2024ರಲ್ಲಿ ಏಪ್ರಿಲ್ 9ರಂದು. ನಡುವೆ ಅಧಿಕಮಾಸವೊಂದು ಸೇರಿದುದೇ ಇದಕ್ಕೆ ಕಾರಣ. ಹದಿನೆಂಟು ದಿನ ಸರಿದುದು ಹಬ್ಬವೇ ಹೊರತು ಮರವಲ್ಲ. ಆದುದರಿಂದ ಮರದ ನಡತೆ ಬದಲಾಗಿದೆಯೇ ಎಂಬುದನ್ನು ಅರಿಯಲು, ಮರವು ಯಾವ ಪಂಚಾಂಗವನ್ನು ಅನುಸರಿಸುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಗಿಡಮರಗಳು ಚಿಗುರುವ, ಹೂಬಿಡುವ, ಕಾಯಿ ಕಟ್ಟುವ, ಎಲೆ ಉದುರಿಸುವ ಕಾಲಗಳನ್ನು ಅಭ್ಯಸಿಸುವ ಶಾಸ್ತ್ರಕ್ಕೆ ಫೀನಾಲಜಿ ಎಂದು ಹೆಸರು. ಶೀತದೇಶಗಳಲ್ಲಿ ಈ ಕಾಲಗಳನ್ನು ಮುಖ್ಯವಾಗಿ ನಿರ್ಣಯಿಸುವುದು ಚಳಿ ಮತ್ತು ಬಿಸಿಲು. ಜಪಾನಿನ ಕ್ಯೋಟೋ ನಗರದಲ್ಲಿ ಚೆರಿ ಮರಗಳು ಹೂಬಿಟ್ಟ ದಿನಗಳ ದಾಖಲೆಯು ಒಂಬತ್ತನೆಯ ಶತಮಾನದಿಂದಲೇ ದೊರೆಯುತ್ತದೆ. 2021ರಲ್ಲಿ ಅವು ಮಾರ್ಚ್ 26ರಂದೇ ಪೂರ್ಣವಾಗಿ ಅರಳಿದುವು. ಅದುವರೆಗಿನ ದಾಖಲೆಗಳಲ್ಲೆಲ್ಲ ಅದು ಅತ್ಯಂತ ಮುಂಚಿನ ದಿನ.

ಮೈಸೂರು ನಗರವು ಉತ್ತರ ಅಕ್ಷಾಂಶ 12 ಡಿಗ್ರಿಯ ಬಳಿಯಿದೆ. ಇಲ್ಲಿ ಹಿಮ ಸುರಿಯುವ ಚಳಿಗಾಲವಿಲ್ಲ. ಇಲ್ಲಿಯ ಮರಗಳು ಮುಖ್ಯವಾಗಿ ಮೂರು ಸೂಚನೆಗಳನ್ನು ಗಮನಿಸುತ್ತವೆ.

ಮೊದಲನೆಯದು ನೀರು. ಬೇಸಗೆಯ ಆರಂಭದಲ್ಲಿ ಮುತ್ತುಗದ ಮರವು ಎಲೆಗಳನ್ನು ಉದುರಿಸುತ್ತದೆ. ಎಲೆಗಳಿಂದ ಆವಿಯಾಗುತ್ತಿದ್ದ ನೀರು ಕಾಂಡದಲ್ಲಿಯೇ ಉಳಿದು ಮೊಗ್ಗುಗಳಿಗೆ ಒದಗುತ್ತದೆ. ಮಳೆ ಬರುವ ಮೊದಲೇ ಬೋಳು ಕೊಂಬೆಗಳಲ್ಲಿ ಹೂ ಅರಳುತ್ತದೆ. ಎರಡನೆಯದು ಇರುಳಿನ ತಂಪು. ಕೆಲವು ವಾರಗಳ ಕಾಲ ಇರುಳು ತಂಪಾಗಿದ್ದರೆ ಮಾವಿನ ಮರದಲ್ಲಿ ಹೂಗೊಂಚಲು ಮೂಡುತ್ತದೆ. ಇರುಳು ಬೆಚ್ಚಗಿದ್ದು ಮಳೆಯೂ ಬಂದರೆ ಹೂವಿಗೆ ಬದಲು ಎಲೆಯೇ ಚಿಗುರಬಹುದು. ಮೂರನೆಯದು ಹಗಲಿನ ಉದ್ದ. ಮೈಸೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಹ್ರಸ್ವ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಆದರೂ ಹಲವು ಸಸ್ಯಗಳು ಅದನ್ನು ಗುರುತಿಸಬಲ್ಲವು.

ವಿಷಯದ ತಿರುಳು ಇಲ್ಲಿಯೇ ಇದೆ. 1850ರಿಂದ 1900ರವರೆಗಿನ ಸರಾಸರಿಗೆ ಹೋಲಿಸಿದರೆ 2011ರಿಂದ 2020ರವರೆಗಿನ ದಶಕದಲ್ಲಿ ಭೂಮಿಯ ಮೇಲ್ಮೈಯ ಉಷ್ಣತೆಯು ಸುಮಾರು 1.1 ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿತ್ತು. ಇದರಿಂದ ಇರುಳಿನ ತಂಪು ಕುಗ್ಗಬಹುದು, ಮಳೆಯ ಕ್ರಮ ತಪ್ಪಬಹುದು. ಆದರೆ ಹಗಲಿನ ಉದ್ದ ಬದಲಾಗದು. ಆದ್ದರಿಂದ ಎಲ್ಲ ಮರಗಳೂ ಒಂದೇ ಸಮನಾಗಿ ಮುಂದೆ ಸರಿಯುವುದಿಲ್ಲ. ಕೆಲವು ಬೇಗ ಹೂಬಿಟ್ಟಾವು, ಕೆಲವು ತಡವಾಗಿ, ಕೆಲವು ಮೊದಲಿನಂತೆಯೇ. ಒಂದರ ಹೂ ಮುಗಿಯುವ ಹೊತ್ತಿಗೆ ಇನ್ನೊಂದರ ಹೂವನ್ನು ನಂಬಿ ಬಾಳುವ ಜೇನುನೊಣಕ್ಕೆ ಈ ನಡುವೆ ಉಪವಾಸ ಬರಬಹುದು.

ಮೈಸೂರಿಗೆ ಪಶ್ಚಿಮದಲ್ಲಿರುವ ಕೊಡಗಿನ ಕಾಫಿ ಗಿಡವು ಇದಕ್ಕೆ ಒಳ್ಳೆಯ ನಿದರ್ಶನ. ಒಣಹವೆಯಲ್ಲಿ ಅದರ ಮೊಗ್ಗುಗಳು ನಿದ್ರಿಸುತ್ತಿರುತ್ತವೆ. ಫೆಬ್ರವರಿಯ ಕೊನೆಗೋ ಮಾರ್ಚಿಯಲ್ಲೋ ಹೂಮಳೆ ಬಿದ್ದರೆ ಸುಮಾರು ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. 2021ರ ಜನವರಿಯಲ್ಲಿ ಅಕಾಲಿಕ ಮಳೆ ಸುರಿದಾಗ, ಹಣ್ಣು ಕುಯ್ಯುತ್ತಿದ್ದ ಗಿಡಗಳಲ್ಲಿಯೇ ಹೂ ಅರಳಿತು. ಇಂತಹ ಹೂವಿಗೆ ಮುಂದಿನ ಮಳೆ ಸಕಾಲದಲ್ಲಿ ದೊರೆಯದಿದ್ದರೆ ಫಲ ನಿಲ್ಲುವುದು ಕಷ್ಟ. ಕೊಯ್ಲಿನ ಕೈಗಳಿಂದ ಹೂವೂ ಉದುರುತ್ತದೆ.

ಆದರೂ ಒಂದು ವರ್ಷದ ಅಕಾಲದ ಹೂವು ಹವಾಮಾನ ಬದಲಾವಣೆಗೆ ಪ್ರಮಾಣವಾಗದು. ನಗರದ ಮರಕ್ಕೆ ಡಾಂಬರಿನ ಕಾವು, ಬೀದಿದೀಪದ ಬೆಳಕು, ಉದ್ಯಾನದ ನೀರು ಇವೆಲ್ಲವೂ ತಗಲುತ್ತವೆ. ಹಲವು ಮರಗಳನ್ನು ಹಲವು ವರ್ಷ ನೋಡಿದಾಗ ಮಾತ್ರ ಸತ್ಯ ಗೋಚರಿಸುತ್ತದೆ. 1996ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಸಂಸ್ಥೆಯ ಸೀಸನ್‌ವಾಚ್ ಯೋಜನೆಯು ಇಂತಹ ವೀಕ್ಷಣೆಗಳನ್ನು ವಿದ್ಯಾರ್ಥಿಗಳಿಂದಲೂ ಸಾರ್ವಜನಿಕರಿಂದಲೂ ಸಂಗ್ರಹಿಸುತ್ತದೆ.

ವಿದ್ಯಾರ್ಥಿಗಳು ಶಾಲೆಯ ಬಳಿಯ ಒಂದು ಬೇವನ್ನೋ ಹೊಂಗೆಯನ್ನೋ ಆರಿಸಿಕೊಳ್ಳಲಿ. ವಾರಕ್ಕೊಮ್ಮೆ, ಗೊತ್ತಾದ ದಿನ, ಅದೇ ಮರವನ್ನು ನೋಡಿ ಚಿಗುರು, ಮೊಗ್ಗು, ಹೂ, ಕಾಯಿ ಇವು ಇಲ್ಲ, ಸ್ವಲ್ಪ, ಬಹಳ ಎಂದು ತಾರೀಖಿನೊಡನೆ ಬರೆಯಲಿ. ಹೂವಿಲ್ಲದ ವಾರವನ್ನೂ ಬರೆಯಬೇಕು. ಅದು ತಿಳಿಯದೆ ಹೂ ಮೊದಲಾದ ವಾರ ಯಾವುದೆಂದು ಹೇಳಲಾಗದು. ಶಾಲೆ ಬಿಡುವಾಗ ಪುಸ್ತಕವನ್ನು ಮುಂದಿನ ತರಗತಿಯವರಿಗೆ ಒಪ್ಪಿಸಲಿ. ಕ್ಯೋಟೋದ ದಾಖಲೆಯೂ ಹಲವು ತಲೆಮಾರುಗಳ ಬರಹಗಳಿಂದ ಕೂಡಿಬಂದುದೇ.