ನಾಲ್ಕನೇ ಹಂತವೆಂದರೆ ದಾರಿ ಮುಗಿದಂತಲ್ಲ

ಪ್ರಶ್ನೆ: ಅಪ್ಪನಿಗೆ 58 ವರ್ಷ. ನಾಲಿಗೆ ಕ್ಯಾನ್ಸರ್ 4ನೇ ಹಂತದಲ್ಲಿದೆಯಂತೆ. ಆಪರೇಷನ್ ಮಾಡಿಸಿದರೆ ಪ್ರಯೋಜನವಿದೆಯೇ?

ಉತ್ತರ: ನಿಮ್ಮ ಆತಂಕ ಅರ್ಥವಾಗುತ್ತದೆ. ಶ್ವಾಸಕೋಶದಂಥ ದೂರದ ಅಂಗಗಳಿಗೆ ಹರಡಿರದಿದ್ದರೆ, 4ನೇ ಹಂತದಲ್ಲೂ ಅನೇಕರಿಗೆ ಗುಣಪಡಿಸುವ ಗುರಿಯಿಂದಲೇ ಚಿಕಿತ್ಸೆ ನೀಡುತ್ತೇವೆ. ಗಡ್ಡೆಯ ಜೊತೆಗೆ ಕತ್ತಿನ ದುಗ್ಧಗ್ರಂಥಿಗಳನ್ನೂ ತೆಗೆದು, ಸಾಧ್ಯವಾದಷ್ಟೂ 6 ವಾರದೊಳಗೆ ರೇಡಿಯೇಷನ್ ಆರಂಭಿಸಬೇಕು. ಈ ಗಡುವು ತಪ್ಪಿಸಬೇಡಿ.

ಮುಂದಿನ ಸ್ಥಿತಿಯನ್ನು ಹೇಳುವುದು ಆಪರೇಷನ್‌ನಲ್ಲಿ ತೆಗೆದ ಭಾಗದ ಹಿಸ್ಟೊಪೆಥಾಲಜಿ ವರದಿ. ಗಡ್ಡೆ 10 ಮಿ.ಮೀ.ಗಿಂತ ಆಳಕ್ಕಿಳಿದಿದೆಯೇ? ಗ್ರಂಥಿಯ ಕವಚ ಒಡೆದು ಹೊರಬಂದಿದೆಯೇ? ಕತ್ತರಿಸಿದ ಅಂಚಿನಲ್ಲಿ ರೋಗ ಉಳಿದಿದೆಯೇ? ಕೊನೆಯ ಎರಡರಲ್ಲಿ ಒಂದಿದ್ದರೂ ರೇಡಿಯೇಷನ್ ಜೊತೆ ಸಿಸ್ಪ್ಲಾಟಿನ್ ಎಂಬ ಕೀಮೋಥೆರಪಿ ಔಷಧ ಕೊಡುವುದುಂಟು.

ತಂಬಾಕು, ಅಡಿಕೆ ಇಂದೇ ಬಿಡಿಸಿ. ಮರುಕಳಿಕೆ ಹೆಚ್ಚಾಗಿ ಮೊದಲ 2 ವರ್ಷಗಳಲ್ಲೇ ಆಗುವುದರಿಂದ ತಪಾಸಣೆ ತಪ್ಪಿಸಬೇಡಿ. ಮಾತು, ನುಂಗುವಿಕೆಗೆ ತರಬೇತಿಯಿದೆ; ಧೈರ್ಯ ತುಂಬಿ.